ಅಂಬವ್ವನ ಕಾರಿನ ಹೊಗೆ ಪೈಪು

ನದಿಯ ದಂಡೆಯ ಆಶ್ರಮದಲ್ಲಿ ಒಂದು ಹಳೆಯ ಟರ್ಬೊ ಕಾರಿತ್ತು. ವಾರಕ್ಕೆ ಎರಡು ಬಾರಿ ಅದು ಅಡುಗೆಯ ಅಂಬವ್ವನನ್ನು ಡಯಾಲಿಸಿಸ್‌ಗೆ ಕರೆದೊಯ್ಯುತ್ತಿತ್ತು.

ಓಡಿಸುವವನು ಶಿಷ್ಯ ನಿರುಪಾದಿ. ತಾಯಿಯಿಲ್ಲದ ಅವನನ್ನು ಉಣ್ಣಿಸಿ ಬೆಳೆಸಿದವಳು ಅಂಬವ್ವ. ರಿಪೇರಿ ಕಲಿಸಿದವರು ಗುರುಗಳು. ಕಾವಿ ತೊಡುವ ಮೊದಲು ಅವರು ಮೂವತ್ತು ವರ್ಷ ಮೋಟಾರು ಮೇಸ್ತ್ರಿಯಾಗಿದ್ದರು.

ಎಂಜಿನ್ನಿಗೆ ಅಂಟಿದ ಟರ್ಬೊದಿಂದ ಕೆಳಗಿಳಿಯುವ ಹೊಗೆ ಪೈಪು ಬಿರುಕು ಬಿಟ್ಟಿತು. ಹೊಗೆ ಕಾರಿನೊಳಗೆ ನುಗ್ಗಿತು. ಕಿಟಕಿ ತೆರೆದಿಟ್ಟರೂ ಅಂಬವ್ವ ದಾರಿಯುದ್ದಕ್ಕೂ ಕೆಮ್ಮಿದಳು.

"ಹೋದ ವರ್ಷ ನಾನ ಹಾಕಿದ್ದೆ ಅಜ್ಜಾರ. ಪೈಪ್ ಮಾಡಿದವ್ರು ಕಳ್ಳರು," ಎಂದ ನಿರುಪಾದಿ.

ಗುರುಗಳು ಒಡೆದ ಪೈಪನ್ನು ತಿರುಗಿಸಿ ನೋಡಿದರು.

ಹೊಸ ಪೈಪು ಬಂತು. ಮರುದಿನ ಬೆಳಿಗ್ಗೆಯೇ ಆಸ್ಪತ್ರೆಗೆ ಹೋಗಬೇಕಿತ್ತು. ಮಧ್ಯಾಹ್ನ ನಿರುಪಾದಿ ಕಾರಿನ ಕೆಳಗೆ ಮಲಗಿ, ಪೈಪಿನ ಮೇಲಿನ ತುದಿಯನ್ನು ಟರ್ಬೊಗೆ ಜೋಡಿಸಿ, ಮೂರೂ ನಟ್ಟುಗಳನ್ನು ಪೂರ್ತಿ ಬಿಗಿದ. ಕೆಳಗಿನ ತುದಿ ಸೈಲೆನ್ಸರ್ ಪೈಪಿನಿಂದ ಒಂದು ಬೆರಳಿನಷ್ಟು ದೂರ ಉಳಿಯಿತು. ಹಾರೆಯಿಂದ ಮೀಟಿ ಎಳೆದು, ಅಲ್ಲಿಯೂ ಬಿಗಿದ.

"ಆತ್ರೀ ಅಜ್ಜಾರ!"

"ಬಿಚ್ಚು."

"ಯಾಕ್ರೀ? ಆನಿ ಎಳದ್ರೂ ಅಲ್ಲಾಡೂದಿಲ್ಲ, ನೋಡ್ರಿ."

"ಅದಕ್ಕೇ ಬಿಚ್ಚು."

"ನಾಳೆ ಅವ್ವನ್ನ ಕರಕೊಂಡು ಹೋಗಬೇಕ್ರಿ. ನಾ ಬಿಚ್ಚೂದಿಲ್ಲ."

ಗುರುಗಳು ಅವನನ್ನು ಜಗಲಿಗೆ ಕರೆದರು. ತಮ್ಮ ಶಲ್ಯದಿಂದ ಅವನ ಎಡಗೈಯನ್ನು ಕಂಬಕ್ಕೆ ಬಿಗಿಯಾಗಿ ಕಟ್ಟಿದರು.

ಅಂಬವ್ವ ಮಜ್ಜಿಗೆಯ ಲೋಟ ಹಿಡಿದು ಬಂದಳು.

"ಅಲ್ಲೇ ನಿಲ್ಲವ್ವಾ," ಎಂದರು ಗುರುಗಳು. "ನಿರುಪಾದಿ, ಲೋಟ ತಗೋ."

ಅವನು ತುದಿಗಾಲಲ್ಲಿ ನಿಂತು, ಮೈಯೆಲ್ಲ ಎಳೆದು, ಬಲಗೈ ಚಾಚಿದ. ಬೆರಳ ತುದಿಗೆ ಲೋಟ ಸಿಕ್ಕಿತು.

"ಸಿಕ್ತು!"

"ಹಂಗ ನಿಲ್ಲು."

ನಿಂತ. ಲೋಟ ವಾಲಿತು. ಮಜ್ಜಿಗೆ ಚೆಲ್ಲಿತು.

"ನೆಲ ಸಾರಿಸಿ ಇನ್ನೂ ಒಣಗಿಲ್ಲ," ಎಂದು ಅಂಬವ್ವ ಗೊಣಗಿದಳು. ಅವನ ಮುಖ ನೋಡಿ ಮೆತ್ತಗಾದಳು. "ಬಿಡ್ರಿ ಅಜ್ಜಾರ, ಪಾಪ."

"ಭುಜಾನ ಕಿತ್ತು ಬರತೈತ್ರೀ!" ಎಂದ ನಿರುಪಾದಿ.

"ಹಳೇ ಪೈಪು ಒಂದು ವರ್ಷ ಹಿಂಗ ನಿಂತಿತ್ತು," ಎಂದರು ಗುರುಗಳು.

ಗುರುಗಳು ಗಂಟು ಬಿಚ್ಚಿದರು. ನಿರುಪಾದಿ ಮತ್ತೆ ಕಾರಿನ ಕೆಳಗೆ ತೂರಿ, ಎಲ್ಲವನ್ನೂ ಸಡಿಲಿಸಿದ.

ಈ ಬಾರಿ ಎರಡೂ ತುದಿಯ ನಟ್ಟುಗಳನ್ನು ಬರಿಗೈಯಲ್ಲಿ ನಾಲ್ಕು ಸುತ್ತು ಮಾತ್ರ ತಿರುಗಿಸಿದ. ಪೈಪನ್ನು ಮೆಲ್ಲಗೆ ಅಲ್ಲಾಡಿಸಿದ. ಅದು ತಾನಾಗಿ ತನ್ನ ಜಾಗದಲ್ಲಿ ಕೂತಿತು. ಆಮೇಲೆ ಮೇಲೊಂದಿಷ್ಟು, ಕೆಳಗೊಂದಿಷ್ಟು ಎಂದು ಸರದಿಯಲ್ಲಿ ಬಿಗಿಯುತ್ತ ಬಂದ. ಹಾರೆ ಗೋಡೆಗೆ ಒರಗಿಯೇ ಇತ್ತು.

ಬೆಳಿಗ್ಗೆ ಅಂಬವ್ವ ಕಾರಿನಲ್ಲಿ ಕೂತಳು. ನಿರುಪಾದಿ ಎಂಜಿನ್ ಚಾಲೂ ಮಾಡಿದಾಗ ಮೂಗರಳಿಸಿ ನೋಡಿದಳು. ಎಷ್ಟೋ ದಿನಗಳ ಮೇಲೆ ಕಿಟಕಿಯ ಗಾಜು ಏರಿಸಿದಳು.

ನಿರುಪಾದಿ ಸ್ಟೀರಿಂಗ್ ಹಿಡಿದು ಕೂತಿದ್ದ. ಗುರುಗಳು ಅವನ ಪಕ್ಕದ ಕಿಟಕಿಯ ಬಳಿ ನಿಂತಿದ್ದರು.

"ಅವ್ವಗ ಏನರೆ ಆದೀತು ಅಂತ ಹೆದರಿಕಿ, ಅಜ್ಜಾರ," ಎಂದ ಅವನು, ತಗ್ಗಿದ ದನಿಯಲ್ಲಿ. "ಅದಕ್ಕ ಅಷ್ಟು ಬಿಗದಿದ್ದೆ."

ಗುರುಗಳು ಅವನ ಕೈಗಳನ್ನು ನೋಡಿದರು. ಬೆರಳ ಗೆಣ್ಣುಗಳು ಬಿಳಿಚಿಕೊಂಡಿದ್ದವು.

"ಗೊತ್ತೈತೋ ಮಗನ. ಈಗ ಆ ಸ್ಟೀರಿಂಗ್ ಸ್ವಲ್ಪ ಸಡಿಲ ಹಿಡಿ."