ಮೋಟನ ಹೆಣ್ಣುಮಕ್ಕಳು

ಒಂದು ಊರಿನ ಹಾಲಿನ ಸಂಘದಲ್ಲಿ ಎರಡು ಹೋರಿಗಳಿದ್ದವು. ಒಂದರ ಹೆಸರು ರಾಜ. ನೋಡಲೂ ಹಾಗೇ ಇತ್ತು. ಇನ್ನೊಂದಕ್ಕೆ ಒಂದು ಕೊಂಬು ಮುರಿದಿದ್ದರಿಂದ ಮೋಟ ಎನ್ನುತ್ತಿದ್ದರು. ಮೇವು ಸಾಲದೆ ಒಂದನ್ನು ಸಾಗಹಾಕಲು ಸಂಘ ತೀರ್ಮಾನಿಸಿತು. ವಯಸ್ಸಾದ ಹೋರಿಯನ್ನು ಎಲ್ಲಿಗೆ ಸಾಗಹಾಕುತ್ತಾರೆಂದು ಯಾರೂ ಕೇಳಲಿಲ್ಲ. ಎಂಟು ವರ್ಷ ಎರಡಕ್ಕೂ ಮೈತೊಳೆದ ಪಿಳ್ಳಪ್ಪನಿಗೆ ಅದು ಗೊತ್ತಿತ್ತು.

ಹೋರಿ ಹಾಲು ಕೊಡುವುದಿಲ್ಲ. ಆದ್ದರಿಂದ ಅದರ ಯೋಗ್ಯತೆಯನ್ನು ಅದರ ಹೆಣ್ಣುಮಕ್ಕಳ ಹಾಲಿನಿಂದ ತಿಳಿಯಬೇಕು. ತಿಂಗಳಿಗೊಮ್ಮೆ ಮನೆಮನೆಗೆ ಹೋಗಿ ಹಾಲು ಅಳೆದು ಬರೆದುಕೊಳ್ಳುವ ಕೆಲಸ ನಾಗವೇಣಿಯದು. ದೃಷ್ಟಿಯಾದೀತೆಂದು ಮನೆಯವರು ಪ್ರತಿ ಹಸುವಿನಿಂದಲೂ ಒಂದು ಚೊಂಬು ಹಾಲು ಮೊದಲೇ ಕರೆದು ಬಚ್ಚಿಡುತ್ತಿದ್ದರು. ಅವಳು ಚೊಂಬನ್ನು ನೋಡದವಳಂತೆ ಉಳಿದದ್ದನ್ನು ಬರೆದುಕೊಳ್ಳುತ್ತಿದ್ದಳು.

ಸಂಘದ ಸಭೆಯಲ್ಲಿ ಅಧ್ಯಕ್ಷರು ಅವಳ ಪುಸ್ತಕ ತೆರೆದರು. ರಾಜನ ಹೆಣ್ಣುಮಕ್ಕಳು ದಿನಕ್ಕೆ ಹನ್ನೆರಡು ಲೀಟರು, ಮೋಟನವು ಏಳು. ಮೋಟನನ್ನು ಸೋಮವಾರ ಕಳಿಸುವುದೆಂದಾಯಿತು. ಪಿಳ್ಳಪ್ಪ ಹೋಗಿ ಮೋಟನಿಗೆ ಇನ್ನೊಮ್ಮೆ ಮೈತೊಳೆದ.

ನಾಗವೇಣಿ ಮಾತ್ರ ಎದ್ದು ಕೇಳಿದಳು: "ಅದೇ ಕೊಟ್ಟಿಗೇಲಿ ಪಕ್ಕದಲ್ಲಿ ಕಟ್ಟಿರೋ ಹಸು ಎಷ್ಟು ಕೊಡುತ್ತೆ, ಅಧ್ಯಕ್ಷರೇ?"

ಅದನ್ನೂ ಅವಳು ಬರೆದಿಟ್ಟಿದ್ದಳು. ರಾಜ ಚೆಲುವನಾದ್ದರಿಂದ ಅನುಕೂಲಸ್ಥರೆಲ್ಲ ತಮ್ಮ ಹಸುಗಳಿಗೆ ಅವನನ್ನೇ ಕೇಳಿದ್ದರು. ಅವರ ಕೊಟ್ಟಿಗೆಗಳಲ್ಲಿ ಹಿಂಡಿ, ಬೂಸಕ್ಕೆ ಕೊರತೆಯಿಲ್ಲ. ಅಲ್ಲಿ ಪಕ್ಕದಲ್ಲಿ ಕಟ್ಟಿದ, ಬೇರೆ ಊರಿನ ಹೋರಿಗಳ ಹೆಣ್ಣುಮಕ್ಕಳು ಹದಿಮೂರು ಲೀಟರು ಕೊಡುತ್ತಿದ್ದವು. ಮೋಟ ಸಿಕ್ಕಿದ್ದು ಹಸುಗಳಿಗೆ ಬರೀ ಒಣಹುಲ್ಲು ಹಾಕುವ ಮನೆಗಳಿಗೆ. ಅಲ್ಲಿ ಪಕ್ಕದ ಹಸುಗಳು ಕೊಡುತ್ತಿದ್ದದ್ದು ಐದು.

"ಅಂದ್ರೆ ರಾಜಂದು ಒಂದು ಕಮ್ಮಿ, ಮೋಟಂದು ಎರಡು ಜಾಸ್ತಿ" ಎಂದಳು. ಒಂದೆರಡು ಹಸುವಾದರೆ ಅದೃಷ್ಟ ಎನ್ನಬಹುದಿತ್ತು. ಮೋಟನಿಗೆ ಹದಿನೇಳು ಕೊಟ್ಟಿಗೆಗಳಲ್ಲಿ ನಲವತ್ತೊಂದು ಹೆಣ್ಣುಮಕ್ಕಳಿದ್ದವು.

ಅಧ್ಯಕ್ಷರಿಗೆ ತಮ್ಮ ಮನೆಯ ಚೊಂಬು ನೆನಪಾಯಿತು. "ಬಚ್ಚಿಡೋರ ಲೆಕ್ಕ ನಂಬೋದು ಹೆಂಗಮ್ಮ?"

"ಬಚ್ಚಿಡೋರು ಎಲ್ಲಾ ಹಸೂದೂ ಬಚ್ಚಿಡ್ತಾರೆ. ಪಕ್ಕದ ಹಸು ಜೊತೆ ಹೋಲಿಸಿದ್ರೆ ಚೊಂಬಿಗೆ ಚೊಂಬು ವಜಾ ಆಗುತ್ತೆ. ನಿಮ್ಮನೇದೂ ಹಂಗೇ."

ಮೋಟ ಉಳಿದ. ರಾಜನನ್ನು ಅಧ್ಯಕ್ಷರೇ ತಮ್ಮ ಮನೆಗೆ ಹೊಡೆದುಕೊಂಡು ಹೋದರು. ಚೆಲುವಿದ್ದವರಿಗೆ ಎಲ್ಲಿಯೂ ಮೇವು ಸಿಗುತ್ತದೆ.

ಮರುದಿನ ಪಿಳ್ಳಪ್ಪ ಬೆಲ್ಲದ ಅಚ್ಚುಗಳನ್ನು ಕಟ್ಟಿಕೊಂಡು ಹೊರಟ. ಮೊದಲ ಅಚ್ಚು ನಾಗವೇಣಿಗೆ. ಆಮೇಲೆ ಹದಿನೇಳು ಮನೆ. ಒಂದು ಮನೆಯಲ್ಲಿ ಅವನು ಬಡಕಲು ಹಸುವೊಂದಕ್ಕೆ ಬೆಲ್ಲ ತಿನ್ನಿಸಹೋದಾಗ ಮನೆಯಾಕೆ ತಡೆದಳು.

"ಅಣ್ಣಾ, ಇದು ಬರೀ ಐದು ಲೀಟರಿಂದು. ಮೋಟನ ಮಗಳು ಆಚೆ ಕಡೆ ಐತೆ."

"ಗೊತ್ತು ಕಣಕ್ಕ" ಎಂದು ಪಿಳ್ಳಪ್ಪ ಆ ಹಸುವಿನ ಕೊರಳ ಕೆಳಗೆ ಜೋಲುವ ಗಂಗೆದೊಗಲು ಸವರಿದ. "ಅವಳಿಗೆ ಆಗ್ಲೇ ಕೊಟ್ಟೆ. ಇವಳು ಪಕ್ಕದಲ್ಲಿ ನಿಂತಿದ್ದಕ್ಕೆ ತಾನೇ ಅವಳ ಅಪ್ಪ ಉಳಿದದ್ದು."

ನೀತಿ: ಯಾರ ಯೋಗ್ಯತೆಯನ್ನಾದರೂ ಅಳೆಯುವ ಮುಂಚೆ ಅವರನ್ನು ಕಟ್ಟಿದ ಕೊಟ್ಟಿಗೆಯನ್ನೂ ನೋಡಿ. ಅಳತೆಯಲ್ಲಿ ನೀವು ಗೆದ್ದರೆ, ಪಕ್ಕದಲ್ಲಿ ಸುಮ್ಮನೆ ನಿಂತಿದ್ದವರಿಗೂ ಒಂದು ಚೂರು ಬೆಲ್ಲ ಕೊಡಿ.