ಎಡೆಗಿಟ್ಟ ಕಳ್ಳಬಟ್ಟಿ

ಸರ್ಕಾರ ಪಾನನಿಷೇಧ ಜಾರಿಗೆ ತಂದಾಗ ಹುಲ್ಲಕೊಪ್ಪಲಿನ ಪಟೇಲ ಬೋರಲಿಂಗೇಗೌಡರಷ್ಟು ಕುಣಿದಾಡಿದವರು ಯಾರೂ ಇರಲಿಲ್ಲ. ಕುಡುಕ ಗಂಡಂದಿರ ಕೈಲಿ ಏಟು ತಿಂದು ಬೇಸತ್ತಿದ್ದ ಹೆಂಗಸರು ಅವರಿಗೆ ಕೈಮುಗಿದರು. ಆ ಉತ್ಸಾಹದಲ್ಲಿ ಪಟೇಲರು ಹಳ್ಳದ ಬದಿಯ ಈಚಲು ಮರಗಳನ್ನೆಲ್ಲ ಕಡಿಸಿದರು. ಆ ಮರಗಳಿಂದ ಹೆಂಡ ಇಳಿಸಿ ಬದುಕುತ್ತಿದ್ದ ಪುಟ್ಟಹನುಮಯ್ಯ ಕೂಲಿಗೆ ಹೋದ.

ಮೂರೇ ತಿಂಗಳಲ್ಲಿ ಹಳೆಯ ಕಲ್ಲುಕ್ವಾರಿಯಲ್ಲಿ ದೊಡ್ಡತಮ್ಮ ಎಂಬವನು ಕಳ್ಳಬಟ್ಟಿ ಇಳಿಸತೊಡಗಿದ. ಕೊಳೆತ ಬೆಲ್ಲಕ್ಕೆ ಕಿಕ್ಕು ಬರಲೆಂದು ಕೈಗೆ ಸಿಕ್ಕಿದ್ದನ್ನೆಲ್ಲ ಬೆರೆಸುತ್ತಿದ್ದ. ಪಟೇಲರಿಗೆ ಇದು ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಮೊದಲ ಸೀಸೆ ಅವರ ಹಿತ್ತಲ ಬಾಗಿಲಿಗೇ ಬರುತ್ತಿತ್ತಲ್ಲ.

ಮಹಾಲಯ ಅಮಾವಾಸ್ಯೆ ಬಂತು. ಸತ್ತ ಹಿರಿಯರಿಗೆ ಅವರು ಇಷ್ಟಪಡುತ್ತಿದ್ದುದನ್ನು ಎಡೆ ಇಡಬೇಕು. ಪಟೇಲರ ಅಪ್ಪನಿಗೆ ಹೆಂಡ ಇಷ್ಟ. ಹೆಂಡವೆಲ್ಲಿ? ಪಟೇಲರು ಕಳ್ಳಬಟ್ಟಿಯನ್ನೇ ಇಡಲು ಹೊರಟರು. ಸುದ್ದಿ ತಿಳಿದ ಪುಟ್ಟಹನುಮಯ್ಯ ಜಗಲಿಯ ಕೆಳಗೆ ಬಂದು ನಿಂತ.

"ಗೌಡ್ರೇ, ಅದನ್ನ ಎಡೆಗೆ ಇಕ್ಕಬ್ಯಾಡಿ. ಕ್ವಾರೀಲಿ ಈ ವಾರ ಇಳ್ಸಿದ್ದು ಕುಡ್ದೋರ್ಗೆ ಕಣ್ಣು ಮಂಜಾಯ್ತಾ ಐತೆ."

ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದಾನೆಂದು ಪಟೇಲರು ಅವನನ್ನು ಗದರಿಸಿ ಕಳಿಸಿದರು.

ಎಡೆಗಿಟ್ಟದ್ದನ್ನು ಮನೆಯ ಗಂಡಸರು ಪ್ರಸಾದವೆಂದು ಕುಡಿಯಬೇಕು. ಆದರೆ ಮಧ್ಯಾಹ್ನ ಹೋಬಳಿಯಲ್ಲಿ ಪಾನನಿಷೇಧದ ಸಭೆ, ಪಟೇಲರದೇ ಭಾಷಣ. ಬಾಯಿ ವಾಸನೆ ಬಂದೀತೆಂದು ಅವರು ಮುಟ್ಟಲಿಲ್ಲ. ಒಬ್ಬನೇ ಮಗ ಚೆನ್ನವೀರನಿಗೆ ಬಟ್ಟಲು ಕೊಟ್ಟರು. ಅವನು ಎಂದೂ ಕುಡಿದವನಲ್ಲ. ಬೇಡವೆಂದ. ತಾತನ ಪ್ರಸಾದ ಬೇಡ ಅನ್ನಬಾರದೆಂದು ಒತ್ತಾಯಿಸಿ ಬಟ್ಟಲು ಬರಿದು ಮಾಡಿಸಿದರು.

ಮೂರನೆಯ ದಿನಕ್ಕೆ ಚೆನ್ನವೀರನ ಎರಡು ಕಣ್ಣೂ ಹೋದವು.

ಪೊಲೀಸರು ಬಂದು ಬಟ್ಟಿ ಇಳಿಸಿದವನು ಯಾರೆಂದು ಕೇಳಿದರು. ದೊಡ್ಡತಮ್ಮನ ಹೆಸರು ಹೇಳಿದರೆ ಹಿತ್ತಲ ಬಾಗಿಲಿನ ಕಥೆಯೂ ಹೊರಬೀಳುತ್ತದೆ. ಪಟೇಲರು ಪುಟ್ಟಹನುಮಯ್ಯನ ಗುಡಿಸಲು ತೋರಿಸಿದರು. ಹಿಂದೆ ಹೆಂಡ ಇಳಿಸುತ್ತಿದ್ದವನು ತಾನೇ ಎಂದು ಪೊಲೀಸರೂ ನಂಬಿದರು. ಕೈಗೆ ಹಗ್ಗ ಕಟ್ಟಿ ಅವನನ್ನು ಎಳೆದುಕೊಂಡು ಹೋದರು. ಪಟೇಲರಿಗೆ ಹೆದರಿ ಊರಿನವರು ಯಾರೂ ತುಟಿ ಬಿಚ್ಚಲಿಲ್ಲ. ನಾಚಿಕೆಗೇಡು.

ಪಟೇಲರು ಒಳಗೆ ಬಂದು ಮಗನ ತಲೆ ಸವರಿ, ನಿನ್ನ ಕಣ್ಣು ಕಳೆದವನಿಗೆ ಜೈಲಾಯಿತು ಎಂದರು. ಚೆನ್ನವೀರ ಆ ಕೈಯನ್ನು ಸರಿಸಿದ.

"ಅಪ್ಪಯ್ಯ, ಅವತ್ತು ಜಗಲಿ ತಾವ ಅವನು ನಿಂಗೆ ಹೇಳಿದ್ದು ನಂಗೂ ಕೇಳಿಸಿತ್ತು. ನೀನೇ ಕೊಟ್ಟೆ ಅಂತ ಕುಡಿದೆ."

ನೀತಿ: ಊರಿಗೆಲ್ಲ ಕಾನೂನು ಹೇಳಿ ತನ್ನ ಹಿತ್ತಲ ಬಾಗಿಲು ತೆರೆದಿಡುವವನು ತನ್ನನ್ನು ನಂಬಿದವರನ್ನೇ ಮೊದಲು ಹಾಳುಮಾಡುತ್ತಾನೆ. ಶಿಕ್ಷೆಯನ್ನು ಮಾತ್ರ ಬಡವನ ತಲೆಗೆ ಕಟ್ಟುತ್ತಾನೆ.