ಕೀಪರ್ ಎಷ್ಟು ರನ್ ಹೊಡೆಯಬೇಕು?

“ಮೇಷ್ಟ್ರೇ, ಟೆಸ್ಟ್ ತಂಡದಲ್ಲಿ ವಿಕೆಟ್ ಕೀಪರ್ ಆದವನು ಎಷ್ಟು ರನ್ ಹೊಡೆದರೆ ಸಾಕು?”

ಕೇಳಿದವನು ವಸುಪಾಲ. ಗುರುಪಾದಪ್ಪ ಮೇಷ್ಟ್ರ ಕೈಯಲ್ಲಿ ಕೀಪಿಂಗ್ ಕಲಿತು, ರಾಜ್ಯದ ತಂಡಕ್ಕೆ ಬಹಳ ವರ್ಷ ಕೀಪರ್ ಆಗಿದ್ದವನು. ಈಗ ದೇಶದ ತಂಡವನ್ನು ಆರಿಸುವ ಸಮಿತಿಗೆ ಅವನನ್ನು ಸೇರಿಸಿಕೊಂಡಿದ್ದರು. ಮಾರನೆಯ ದಿನವೇ ಮೊದಲ ಸಭೆ. ಹೊರಡುವ ಮುಂಚೆ ಗುರುವಿನ ಕಾಲು ಮುಟ್ಟಿ ಹೋಗೋಣವೆಂದು ಮೈದಾನಕ್ಕೆ ಬಂದಿದ್ದ.

“ಅಲ್ಲಿ ಎಲ್ಲರೂ ಕೇಳೋದು ಇದನ್ನೇ. ನನ್ನ ಬಾಯಲ್ಲೂ ಒಂದು ಉತ್ತರ ಇರಲಿ ಅಂತ,” ಎಂದ.

ಮೇಷ್ಟ್ರು ಹುಡುಗರ ಪ್ಯಾಡುಗಳನ್ನು ಬಿಸಿಲಿಗೆ ಹರಡುತ್ತಿದ್ದರು. ಕೈಯಲ್ಲಿದ್ದುದನ್ನು ಕೆಳಗೆ ಹಾಕಿದರು. ಅವರಿಗೆ ಸಿಟ್ಟು ಬಂದಿತ್ತು. ಸಿಟ್ಟು ಬಂದಾಗ ಅವರು ಬೈಯುವುದಿಲ್ಲ, ಕತೆ ಹೇಳುತ್ತಾರೆ. ಇದಕ್ಕಿಂತ ಬೈಸಿಕೊಂಡಿದ್ದರೇ ವಾಸಿಯಿತ್ತು ಎಂದು ಶಿಷ್ಯರು ಆಮೇಲೆ ಅಂದುಕೊಳ್ಳುವುದುಂಟು.

“ಕೂತ್ಕೋ,” ಎಂದು ಮೇಷ್ಟ್ರು ಹೇಳತೊಡಗಿದರು.

ಒಂದು ದೇಶ. ಆ ದೇಶಕ್ಕೊಂದು ಟೆಸ್ಟ್ ತಂಡ. ತಂಡದಲ್ಲಿ ಬ್ಯಾಟ್ಸ್‌ಮನ್‌ಗಳಿಗೆ ಆರು ಜಾಗ, ಕೀಪರ್‌ಗೆ ಒಂದೇ. ಆ ಒಂದು ಜಾಗ ತೆರವಾಗಲೆಂದು ಒಬ್ಬ ಕೀಪರ್ ತನ್ನ ಪ್ರಾಯವನ್ನೆಲ್ಲ ಕಾದಿದ್ದ. ಹಿಂದಿನವನ ಮಂಡಿ ಸೋತ ಮೇಲೆ ಅವನ ಸರದಿ ಬಂತು. ಅಂತೂ ಬಂತಲ್ಲ ಎಂದು ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು.

ಅವನು ಕೆಲಸ ಬಲ್ಲವನು. ಸ್ಪಿನ್ ಬೌಲರ್ ಚೆಂಡು ಹಾಕುವಾಗ ಸ್ಟಂಪಿನ ಬೆನ್ನಿಗೇ ಕುಕ್ಕರಗಾಲಲ್ಲಿ ಕೂತರೆ, ಚೆಂಡು ನೆಲಕ್ಕೆ ಬಿದ್ದು ಪುಟಿಯುವ ತನಕ ಏಳುತ್ತಿರಲಿಲ್ಲ. ಚೆಂಡು ಎಷ್ಟು ಎದ್ದಿತೋ ಅಷ್ಟೇ ಅವನೂ ಏಳುತ್ತಿದ್ದ. ಚೆಂಡು ಏಳದಿದ್ದರೆ ಅವನೂ ಇಲ್ಲ. ಇದಿಷ್ಟನ್ನು ಕಲಿಯಲು ಮಂಡಿ ಸವೆಯಬೇಕು, ಬೆರಳು ಮುರಿಯಬೇಕು. ಕಲಿತ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಸಾರಿಗೆ ಉಪ್ಪು ಸರಿಯಾಗಿದ್ದರೆ ಯಾರಾದರೂ ಉಪ್ಪಿನ ಸುದ್ದಿ ಎತ್ತುತ್ತಾರೆಯೇ? ಒಳ್ಳೆಯ ಕೀಪರ್ ದಿನವಿಡೀ ಮೈದಾನದ ನಡುವೆ ಇದ್ದರೂ ಅವನನ್ನು ಯಾರೂ ನೋಡುವುದಿಲ್ಲ. ಒಂದು ಕ್ಯಾಚ್ ಬಿಟ್ಟನೋ, ಊರೆಲ್ಲ ನೋಡುತ್ತದೆ. ಈ ಕೀಪರ್ ಬಿಡುತ್ತಿರಲಿಲ್ಲ. ಹಾಗಾಗಿ ಅವನನ್ನು ಯಾರೂ ನೋಡಲಿಲ್ಲ.

ತಂಡ ಸೋತಿತು. ಮೇಲಿಂದ ಮೇಲೆ ಸೋತಿತು. ಯಾಕೆಂದು ಕಣ್ಣಿದ್ದವರಿಗೆಲ್ಲ ಗೊತ್ತಿತ್ತು. ಬ್ಯಾಟ್ಸ್‌ಮನ್‌ಗಳು ರನ್ ಹೊಡೆಯಲಿಲ್ಲ. ತಮ್ಮ ಪಾಡಿಗೆ ಹೊರಗೆ ಹೋಗುವ ಚೆಂಡಿಗೆ ಬ್ಯಾಟು ಚಾಚಿ, ಒಬ್ಬರ ಹಿಂದೆ ಒಬ್ಬರು ಪೆವಿಲಿಯನ್ ಸೇರಿದರು. ಅಂಗಿಗೆ ಬೆವರೂ ಹತ್ತಿರಲಿಲ್ಲ.

ಆಯ್ಕೆ ಸಮಿತಿ ಸೇರಿತು. ಮೊದಲನೆಯ ಬ್ಯಾಟ್ಸ್‌ಮನ್‌ನ ಮಾತು ಬಂತು. ಅವನು ದೊಡ್ಡ ಆಟಗಾರ, ಮುಟ್ಟಿದರೆ ಜನ ಸುಮ್ಮನಿರುವುದಿಲ್ಲ ಎಂದರು. ಎರಡನೆಯವನು ಎಳೆಯ, ಅವಕಾಶ ಕೊಡಬೇಕು ಎಂದರು. ಇನ್ನೊಬ್ಬ ಮುಂದೆ ನಾಯಕ ಆಗುವವನಂತೆ. ಮತ್ತೊಬ್ಬ ಅಧ್ಯಕ್ಷರ ಊರಿನವನು. ಅವನ ಹೆಸರು ಬಂದಾಗ ಎಲ್ಲರೂ ಚಹಾ ಕುಡಿದರು. ಉಳಿದಿಬ್ಬರಿಗೆ ಫಾರ್ಮ್ ಇವತ್ತಲ್ಲ ನಾಳೆ ಬಂದೇ ಬರುತ್ತದೆ ಎಂದು ತೀರ್ಮಾನವಾಯಿತು. ಹೀಗೆ ಆರೂ ಜನ ಉಳಿದುಕೊಂಡರು.

ಆದರೆ ಸೋತ ಮೇಲೆ ಯಾರನ್ನಾದರೂ ಬದಲಿಸಲೇಬೇಕು. ಅದು ಅಲ್ಲಿಯ ಪದ್ಧತಿ. ಬದಲಿಸದಿದ್ದರೆ ಸಮಿತಿ ನಿದ್ದೆ ಹೊಡೆಯುತ್ತಿದೆ ಎಂದು ಜನ ಆಡಿಕೊಳ್ಳುತ್ತಾರೆ. ಎಲ್ಲರೂ ಪಟ್ಟಿಯನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ಓದಿದರು. ಆಮೇಲೆ ಒಬ್ಬ, “ಅಲ್ಲ, ಕೀಪರ್ ರನ್ ಹೊಡೀತಾ ಇಲ್ಲವಲ್ಲ?” ಎಂದ. ಎಲ್ಲರ ಮುಖವೂ ಅರಳಿತು.

ಹೊಡೆಯಬೇಕಾದವರು ಹೊಡೆದಿರಲಿಲ್ಲ. ಹಿಡಿಯಬೇಕಾದವನು ಬಂದದ್ದನ್ನೆಲ್ಲ ಹಿಡಿದಿದ್ದ. ಹಿಡಿದವನನ್ನು ಹೊರಗೆ ಹಾಕಿದರು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗೆ. ಇದನ್ನು ಹೇಳುವಾಗ ನನ್ನ ಹೊಟ್ಟೆ ಉರಿಯುತ್ತದೆ. ಎಮ್ಮೆಗಾದರೂ ಬರೆ ಎಳೆದು ಕೊಟ್ಟಿಗೆಯಲ್ಲೇ ಇಟ್ಟುಕೊಂಡಿದ್ದರು. ಇವನನ್ನು ಬೀದಿಗೆ ಬಿಟ್ಟರು.

ಅವನ ಜಾಗಕ್ಕೆ ಇನ್ನೊಬ್ಬ ಬ್ಯಾಟ್ಸ್‌ಮನ್‌ನನ್ನು ತಂದರು. ಕಾಲೇಜಿನಲ್ಲಿ ಯಾವಾಗಲೋ ಗ್ಲೌಸ್ ತೊಟ್ಟಿದ್ದನೆಂಬುದೇ ಅವನ ಅರ್ಹತೆ. ಪಾಪ, ಅವನು ಪ್ರಾಮಾಣಿಕ.

“ಸಾರ್, ನಾನು ಕೀಪರ್ ಅಲ್ಲ. ಬ್ಯಾಟಿಂಗಿಗೆ ಬೇಕಾದರೆ ಕರೀರಿ,” ಎಂದ.

“ಚೆಂಡು ಹಿಡಿಯೋದು ಏನು ಮಹಾ ವಿದ್ಯೆನಯ್ಯ? ಗ್ಲೌಸ್ ಹಾಕ್ಕೋ, ತಾನಾಗೇ ಬರುತ್ತೆ,” ಎಂದರು.

ಟೆಸ್ಟ್ ಶುರುವಾಯಿತು. ಪಿಚ್ ಒಣಗಿ ಬಿರುಕು ಬಿಟ್ಟಿತ್ತು, ಚೆಂಡು ತಿರುಗುತ್ತಿತ್ತು. ಎದುರಾಳಿಗಳಲ್ಲಿ ಗಟ್ಟಿ ಬ್ಯಾಟ್ಸ್‌ಮನ್ ಎಂದರೆ ಒಬ್ಬನೇ. ಅವನು ಆಗಷ್ಟೇ ಬಂದು ನಿಂತಿದ್ದ. ಸ್ಪಿನ್ ಬೌಲರ್ ಆಸೆ ತೋರಿಸಿ ಚೆಂಡನ್ನು ತೇಲಿಸಿದ. ಬ್ಯಾಟ್ಸ್‌ಮನ್ ಕ್ರೀಸ್ ಬಿಟ್ಟು ಮುಂದೆ ನುಗ್ಗಿದ, ಬೀಸಿದ, ಚೆಂಡು ಸಿಗಲಿಲ್ಲ. ಅವನನ್ನು ಸ್ಟಂಪ್ ಮಾಡುವುದೊಂದೇ ಬಾಕಿ. ಆದರೆ ಹೊಸ ಕೀಪರ್ ಚೆಂಡು ಪುಟಿಯುವ ಮೊದಲೇ ಎದ್ದುಬಿಟ್ಟಿದ್ದ. ಚೆಂಡು ಅವನ ಗ್ಲೌಸಿನ ಕೆಳಗೆ ನುಸುಳಿ ಬೌಂಡರಿಗೆ ಓಡಿತು.

ಔಟಾಗಬೇಕಿದ್ದವನು ಎರಡು ದಿನ ಆಡಿದ. ಆ ಎರಡು ದಿನವೂ ಕೂತು ಎದ್ದು, ಕೂತು ಎದ್ದು, ಹೊಸ ಕೀಪರ್‌ನ ತೊಡೆಗಳಲ್ಲಿ ಜೀವವಿರಲಿಲ್ಲ. ಅದೇ ಕಾಲಿನಲ್ಲಿ ಬ್ಯಾಟಿಂಗಿಗೆ ಹೋದ, ಮುಂದೆ ಇಡಬೇಕಾದ ಹೆಜ್ಜೆ ಬರಲಿಲ್ಲ, ಔಟಾದ. ಇದ್ದ ಕೀಪರ್ ಹೋದ, ಬಂದ ಬ್ಯಾಟ್ಸ್‌ಮನ್ ಕೆಟ್ಟ. ತಂಡ ಸೋತಿತು. ಸಮಿತಿ ಮತ್ತೆ ಸೇರಿತು. ಸ್ಪಿನ್ ಬೌಲರ್‌ಗೆ ವಿಕೆಟ್ ಕೀಳಲು ಬರುವುದಿಲ್ಲ ಎಂದು ಅವನನ್ನು ಕೈಬಿಟ್ಟಿತು. ಇಂಥವರಿಗೆ ಏನೆನ್ನಬೇಕು ಹೇಳು.

ಮೊದಲಿನ ಕೀಪರ್ ಮನೆಯಲ್ಲಿದ್ದ. ದೇಶದ ತಂಡದವರೇ ಬೇಡವೆಂದ ಮೇಲೆ ರಾಜ್ಯದವರೂ ಅವನಿಗೆ ವಯಸ್ಸಾಯಿತೆಂದು ಬೇರೊಬ್ಬನನ್ನು ಹಾಕಿಕೊಂಡರು. ತಾನು ಮಾಡಿದ ತಪ್ಪೇನೆಂದು ಅವನು ಎಲ್ಲರನ್ನೂ ಕೇಳಿದ. ಯಾರೂ ಹೇಳಲಿಲ್ಲ. ತಪ್ಪು ಇದ್ದರೆ ತಾನೇ ಹೇಳುವುದು? ಅವನು ಇನ್ನು ಆಡುವುದಿಲ್ಲ. ಕಲಿತ ವಿದ್ಯೆ ಕೈಯಲ್ಲೇ ಉಳಿಯಿತು.

ಕತೆ ಇಲ್ಲಿಗೆ ಬರುವಷ್ಟರಲ್ಲಿ ವಸುಪಾಲನಿಗೆ ತಡೆಯಲಾಗಲಿಲ್ಲ. “ಇದೆಂಥ ಅನ್ಯಾಯ ಮೇಷ್ಟ್ರೇ! ಆ ಸಮಿತಿಯಲ್ಲಿ ಕ್ರಿಕೆಟ್ ಗೊತ್ತಿದ್ದವರು ಒಬ್ಬರೂ ಇರಲಿಲ್ಲವಾ?” ಎಂದ.

“ಹೆಚ್ಚಿನವರಿಗೆ ಕೀಪಿಂಗ್ ಅಂದರೆ ಏನಂತ ಗೊತ್ತಿರಲಿಲ್ಲ,” ಎಂದರು ಮೇಷ್ಟ್ರು. “ಅವರ ಮೇಲೆ ನನಗೆ ಅಂಥ ಸಿಟ್ಟಿಲ್ಲ. ಗೊತ್ತಿಲ್ಲದವರು ಗೊತ್ತಿಲ್ಲದ ಹಾಗೆ ಮಾಡಿದರು. ಆದರೆ ಅಲ್ಲಿ ಗೊತ್ತಿದ್ದವನು ಒಬ್ಬ ಕೂತಿದ್ದ. ಅವನೂ ಒಂದು ಕಾಲಕ್ಕೆ ಕೀಪರ್ ಆಗಿದ್ದವನೇ. ಮಂಡಿ ಸವೆಸಿಕೊಂಡವನೇ. ಆರು ಬ್ಯಾಟ್ಸ್‌ಮನ್‌ಗಳ ಹೆಸರು ಬಂದಾಗ ಅವನು ತುಟಿ ಬಿಚ್ಚಲಿಲ್ಲ. ಕೀಪರ್‌ನ ಹೆಸರು ಬಂದಾಗ ಅಧ್ಯಕ್ಷರೇ ಅವನ ಕಡೆ ತಿರುಗಿ, ‘ಇದರಲ್ಲಿ ನೀವು ಬಲ್ಲವರು, ಏನಂತೀರಿ?’ ಅಂದರು. ‘ಅವನು ತನ್ನ ಕೆಲಸ ಮಾಡಿದ್ದಾನೆ, ನಿಮ್ಮ ಬ್ಯಾಟ್ಸ್‌ಮನ್‌ಗಳು ಮಾಡಿಲ್ಲ’ ಅನ್ನಬೇಕಿತ್ತು. ಅಷ್ಟೇ ಮಾತು. ಎಲ್ಲರ ಎದುರಿಗೆ ಒಬ್ಬನೇ ಬೇರೆ ಮಾತಾಡಿದರೆ ಕುರ್ಚಿ ಉಳಿದೀತೋ ಇಲ್ಲವೋ ಅಂತ ಅಂಜಿದ. ‘ಈಗಿನ ಕಾಲಕ್ಕೆ ಕೀಪರೂ ರನ್ ಹೊಡೀಬೇಕು ಬಿಡಿ’ ಅಂದ. ಬಲ್ಲವನೇ ಅಂದ ಮೇಲೆ ಇನ್ನೇನು? ಅಲ್ಲಿಗೆ ಮುಗಿಯಿತು.”

ವಸುಪಾಲ ಎದ್ದು ನಿಂತಿದ್ದ. ಅವನ ಮುಖ ಕೆಂಪಾಗಿತ್ತು.

“ಥೂ, ಅವನೂ ಒಬ್ಬ ಕೀಪರಾ? ಉಳಿದವರನ್ನ ಕ್ಷಮಿಸಬಹುದು ಮೇಷ್ಟ್ರೇ, ಅವನನ್ನ ಕ್ಷಮಿಸಬಾರದು. ತನಗೆ ಅನ್ನ ಕೊಟ್ಟ ಕಸುಬಿಗೇ ದ್ರೋಹ ಮಾಡಿದ. ಅಂಥವನಿಗೆ ಸಮಿತಿಯಲ್ಲಿ ಕೂರೋ ಯೋಗ್ಯತೆ ಇಲ್ಲ. ಯಾವಾಗ ನಡೆದದ್ದು ಆ ಸಭೆ?”

“ನಾಳೆ,” ಎಂದರು ಮೇಷ್ಟ್ರು.